ಬೀಡಿನ ಮಂಟಪ: ಬ್ರೈಟನ್ ಕಡಲ ಕಟ್ಟೆಯ ಒಂದು ಕಿಯಾಸ್ಕ್ ಬೆಳಗಾವಿಯಲ್ಲಿ ಎರಕವಾದ ಬಗೆ

ಇಂಗ್ಲೆಂಡಿನ ಬ್ರೈಟನ್‌ನಲ್ಲಿ ವೆಸ್ಟ್ ಪಿಯರ್ ಎಂಬ ಕಡಲ ಕಟ್ಟೆ ಇತ್ತು. 1866ರ ಅಕ್ಟೋಬರಿನಲ್ಲಿ ತೆರೆದದ್ದು. ದಡದಿಂದ ಸುಮಾರು 340 ಮೀಟರ್ ಸಮುದ್ರದೊಳಕ್ಕೆ ಚಾಚಿತ್ತು. ಮುಖ್ಯವಾಗಿ ಜನ ಅಡ್ಡಾಡಲಿ, ನೀರಿನ ಮೇಲೆ ನಿಂತು ಗಾಳಿ ಕುಡಿಯಲಿ ಅಂತಲೇ ಕಟ್ಟಿದ್ದು. ಅದರ ಹಾಸಿನ ಮೇಲೆ ಎಂಟು ಮೂಲೆಯ ಪುಟ್ಟ ಮಂಟಪಗಳಿದ್ದವು, ಅವರ ಮಾತಿನಲ್ಲಿ ಕಿಯಾಸ್ಕ್. 1975ರಲ್ಲಿ ಕಟ್ಟೆಯನ್ನು ಪೂರ್ತಿ ಮುಚ್ಚಿದರು. 2002ರ ಡಿಸೆಂಬರಿನ ಬಿರುಗಾಳಿಗೆ ಒಂದು ಭಾಗ ಕುಸಿಯಿತು. 2003ರಲ್ಲಿ ಎರಡು ಸಲ ಬೆಂಕಿ ಬಿತ್ತು. ಮರವೆಲ್ಲ ಉರಿದು ಹೋಯಿತು, ಕಬ್ಬಿಣ ಉಳಿಯಿತು. ಇವತ್ತಿಗೂ ಕಂಬ ತೊಲೆಗಳ ಒಂದು ಗೂಡು ಕಡಲಲ್ಲಿ ನಿಂತಿದೆ.

ನಾನು ಮಾಡುತ್ತಿರುವುದು ಅಂಥ ಒಂದು ಮಂಟಪದ ಮಾದರಿ. ಎದುರು ಬದುರು ಮುಖಗಳ ನಡುವೆ 600 ಮಿ.ಮೀ. ಅಗಲ. ಇದನ್ನು ಪ್ಲೈವುಡ್‌ನಲ್ಲಿ ಕೊರೆಯಬಹುದಿತ್ತು, ತ್ರೀಡಿ ಪ್ರಿಂಟರ್‌ನಲ್ಲಿ ತೆಗೆಯಬಹುದಿತ್ತು. ಬೀಡಿನಲ್ಲೇ, ಅಂದರೆ ಕರಗಿಸಿ ಅಚ್ಚಿಗೆ ಹೊಯ್ಯುವ ಕಬ್ಬಿಣದಲ್ಲೇ ಮಾಡಬೇಕು ಅಂತ ಹಟ ಹಿಡಿದೆ. ಕಾರಣ ಇದೆ. ವಿಕ್ಟೋರಿಯಾ ಕಾಲದ ಈ ಕಡಲ ಮಂಟಪಗಳನ್ನು ನೋಡಿದವರು ಎಷ್ಟೊಂದು ಅಲಂಕಾರ, ಎಷ್ಟೊಂದು ಆಡಂಬರ ಅನ್ನುತ್ತಾರೆ. ನನಗೆ ಹಾಗೆ ಅನ್ನಿಸಿಲ್ಲ. ಆ ಬಳ್ಳಿ, ಬಳೆ, ಎಲೆಗಳಲ್ಲಿ ಬಹುಪಾಲು ಕರಗಿದ ಕಬ್ಬಿಣ ಕೇಳಿದ್ದು, ಬೋಲ್ಟು ಕೇಳಿದ್ದು, ಮಳೆ ನೀರು ಕೇಳಿದ್ದು. ಇದನ್ನು ಫೋಟೋ ನೋಡಿ ತಿಳಿಯಲು ಆಗುವುದಿಲ್ಲ, ಹೊಯ್ದೇ ನೋಡಬೇಕು. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಫೌಂಡ್ರಿಗಳಿಗೆ ಕಡಿಮೆ ಇಲ್ಲ. ಪಂಪು, ವಾಲ್ವು ಹೊಯ್ಯುವ ಒಂದು ಸಣ್ಣ ಫೌಂಡ್ರಿಯಲ್ಲಿ ಕೆಲಸ ಹಿಡಿದೆವು. ಮರಳಿನ ಅಚ್ಚು ಮಾಡುವ ಅಲ್ಲಿನ ಹಿರಿಯ ಮೋಲ್ಡರ್‌ಗೆ ಎಲ್ಲರೂ ಕಾಕಾ ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ಕೆಳಗಿನಿಂದ ಶುರು

ಮಂಟಪವೊಂದನ್ನೇ ಮಾಡಿ ಮುಗಿಸಬಹುದಿತ್ತು. ಆದರೆ ಅದು ಕಡಲಲ್ಲಿ ಹೇಗೆ ನಿಂತಿತ್ತು ಎನ್ನುವುದನ್ನು ಬಿಟ್ಟರೆ ಅರ್ಧ ವಿಷಯ ಹೋಯಿತು. ಅದಕ್ಕೆ ಮರದ ಹಾಸು, ಹಾಸಿನ ಕೆಳಗೆ ನಾಲ್ಕು ಕಂಬ, ಕಂಬದ ಬುಡಕ್ಕೆ ತಿರುಪು, ಇಷ್ಟನ್ನೂ ಸೇರಿಸಿಕೊಂಡೆ.

ಕಟ್ಟೆಯ ಎಂಜಿನಿಯರ್ ಯೂಜೀನಿಯಸ್ ಬರ್ಚ್. 1818ರಲ್ಲಿ ಹುಟ್ಟಿ 1884ರಲ್ಲಿ ತೀರಿಕೊಂಡವರು. ಬ್ರಿಟನ್ನಿನ ತೀರದಲ್ಲಿ 14 ಕಡಲ ಕಟ್ಟೆಗಳು ಇವರ ಹೆಸರಿನಲ್ಲಿವೆ. ಕಲ್ಕತ್ತ ದೆಹಲಿ ರೈಲು ದಾರಿಯ ಕೆಲಸದಲ್ಲೂ ಇವರ ಪಾಲಿತ್ತು. ಮರದ ಕಂಬ ಹೊಡೆದರೆ ಕಡಲ ಹುಳು ಕೊರೆದು ತಿನ್ನುತ್ತದೆ. ಕಲ್ಲಿನ ಗೋಡೆ ಕಟ್ಟಿದರೆ ಅಲೆಯ ಪೆಟ್ಟನ್ನೆಲ್ಲ ಅದೇ ತಿನ್ನಬೇಕು. ಬರ್ಚ್ ಹಿಡಿದದ್ದು ಸಣ್ಣ ಬೀಡಿನ ಕಂಬಗಳ ದಾರಿ. ಅಲೆ ಕಂಬಗಳ ನಡುವೆ ಹಾದು ಹೋಗುತ್ತದೆ. ಕಂಬದ ಬುಡಕ್ಕೆ ಅಗಲವಾದ ತಿರುಪಿನ ಅಲಗು ಇಟ್ಟು ಕಡಲ ತಳಕ್ಕೆ ತಿರುಗಿಸಿ ಇಳಿಸುವುದು. ಈ ತಿರುಪು ಕಂಬವನ್ನು ಕಂಡುಹಿಡಿದವರು ಕಣ್ಣು ಕಾಣದ ಐರಿಷ್ ಎಂಜಿನಿಯರ್ ಅಲೆಕ್ಸಾಂಡರ್ ಮಿಚೆಲ್. ಪೇಟೆಂಟ್ ಪಡೆದದ್ದು 1833ರಲ್ಲಿ. ದೀಪಸ್ತಂಭಗಳಿಗೆ ಬಳಕೆಯಾಗುತ್ತಿದ್ದ ಅದನ್ನು ಬರ್ಚ್ ಮಾರ್ಗೇಟ್‌ನ ತಮ್ಮ ಕಟ್ಟೆಗೆ ತಂದರು, ಆಮೇಲೆ ಬ್ರೈಟನ್‌ಗೂ.

ಎರಕಕ್ಕೆ ಮೊದಲು ಬೇಕಾದದ್ದು ಪ್ಯಾಟರ್ನ್, ಅಂದರೆ ಮರಳಲ್ಲಿ ಒತ್ತಿ ಅಚ್ಚು ಮೂಡಿಸಿ ಹೊರತೆಗೆಯುವ ಮರದ ಮಾದರಿ. ತಿರುಪಿನ ಪ್ಯಾಟರ್ನನ್ನು ಮರಳಿನಿಂದ ಹೇಗೆ ಹೊರತೆಗೆಯುವುದು ಅನ್ನುವುದೇ ನನಗೆ ದೊಡ್ಡ ಪ್ರಶ್ನೆಯಾಗಿತ್ತು. ಅಲಗು ಮರಳೊಳಗೆ ಹುದುಗಿರುತ್ತದೆ, ನೇರ ಎತ್ತಿದರೆ ಅಚ್ಚು ಹರಿದು ಹೋಗುತ್ತದೆ. ಕಾಕಾ ಪ್ಯಾಟರ್ನಿನ ತಲೆಗೆ ಒಂದು ಸರಳು ಸಿಕ್ಕಿಸಿ ನಿಧಾನವಾಗಿ ತಿರುಗಿಸಿದರು. ಕಡಲ ತಳಕ್ಕೆ ಇಳಿಯುವ ದಾರಿಯಲ್ಲೇ ಅದು ಮರಳಿನಿಂದ ಮೇಲೆ ಬಂತು. ಅಲಗಿನ ಇಳಿಜಾರು ಉದ್ದಕ್ಕೂ ಒಂದೇ ಸಮ ಇದ್ದರೆ ಮಾತ್ರ ಇದು ಸಾಧ್ಯ. ಎಲ್ಲಾದರೂ ಏರುಪೇರಾದರೆ ಮರಳು ಕೀಳುತ್ತದೆ.

ಎರಕವಾದ ಮೇಲೆ ಒಂದು ದೊಡ್ಡ ಟಬ್ಬಿನಲ್ಲಿ ಒದ್ದೆ ಮರಳು ತುಂಬಿ ಕಂಬವನ್ನು ತಿರುಗಿಸಿ ಇಳಿಸಿ ನೋಡಿದೆ. ಮೇಲಕ್ಕೆ ಎಳೆದರೆ ಅಲಗಿನ ಮೇಲಿನ ಮರಳೆಲ್ಲ ಎದ್ದು ಬರಬೇಕು, ಅಷ್ಟು ಹಿಡಿತ. ಬಿರುಗಾಳಿಯಲ್ಲಿ ಅಲೆ ಪಕ್ಕದಿಂದ ತಳ್ಳಿದಾಗ ಒಂದು ಸಾಲಿನ ಕಂಬ ಒತ್ತಿಕೊಂಡರೆ ಇನ್ನೊಂದು ಸಾಲು ಕೀಳಲು ನೋಡುತ್ತದೆ. ಒತ್ತುವುದಕ್ಕೂ ಕೀಳುವುದಕ್ಕೂ ಎರಡಕ್ಕೂ ಉತ್ತರ ಈ ಒಂದು ಅಲಗಿನಲ್ಲಿದೆ.

ಕಂಬಗಳ ನಡುವೆ ಓರೆಯಾಗಿ ಕಬ್ಬಿಣದ ಸರಳುಗಳನ್ನು ಬಿಗಿಯಬೇಕು. ಇಲ್ಲಿ ಎರಡು ಕಬ್ಬಿಣಗಳ ಹಂಚಿಕೆ ನೋಡಿ. ಬೀಡು ಭಾರ ಹೊರುವುದರಲ್ಲಿ ಗಟ್ಟಿ, ಎಳೆತ ತಡೆಯುವುದರಲ್ಲಿ ಅದರ ಕಾಲುಭಾಗವೂ ಇಲ್ಲ ಎನ್ನಬಹುದು. ಬಡಿದು ಮಾಡಿದ ಕಬ್ಬಿಣಕ್ಕೆ ಎಳೆತ ಸಲೀಸು. ಹಾಗಾಗಿ ನಿಲ್ಲುವುದೆಲ್ಲ ಬೀಡು, ಎಳೆಯುವುದೆಲ್ಲ ಸರಳು. ಈ ನಿಯಮ ಕಡಲ ತಳದಿಂದ ಮಂಟಪದ ತುದಿಯವರೆಗೆ ನಡೆಯುತ್ತದೆ.

ಪ್ಯಾಟರ್ನ್

ಪ್ಯಾಟರ್ನ್‌ಗಳು ಸಾಗವಾನಿ ಮರದ್ದು. ಬೀಡು ಆರುವಾಗ ಸುಮಾರು 100ಕ್ಕೆ 1ರಷ್ಟು ಕುಗ್ಗುತ್ತದೆ. ಪ್ಯಾಟರ್ನ್ ಮಾಡುವವರ ಅಳತೆ ಪಟ್ಟಿಯೇ ಬೇರೆ, ಅದರಲ್ಲಿ ಈ ಕುಗ್ಗುವಿಕೆಯನ್ನು ಸೇರಿಸಿಯೇ ಗೆರೆ ಹಾಕಿರುತ್ತಾರೆ. 360 ಮಿ.ಮೀ. ಕಂಬ ಬೇಕಿದ್ದರೆ ಪ್ಯಾಟರ್ನ್ 363.6 ಇರಬೇಕು. ಕಣ್ಣಿಗೆ ಇದು ಏನೂ ಅಲ್ಲ. ಎಂಟು ಮೂಲೆಯಲ್ಲಿ ಎಲ್ಲವೂ ಒಂದಕ್ಕೊಂದು ಕೂರಬೇಕಾದಾಗ ಇದೇ ಎಲ್ಲ.

ಹಳೆಯ ಬೀಡಿನ ಕಟ್ಟಡಗಳನ್ನು ರಿಪೇರಿ ಮಾಡುವವರು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಲೇಬೇಕು. ಒಂದು ಫಲಕ ಕಳೆದುಹೋಗಿದೆ, ಪಕ್ಕದ್ದು ಚೆನ್ನಾಗಿದೆ. ಅದನ್ನೇ ಬಿಚ್ಚಿ ಮರಳಲ್ಲಿ ಒತ್ತಿ ಇನ್ನೊಂದು ಹೊಯ್ದರೆ ಆಯಿತಲ್ಲ ಅನ್ನಿಸುತ್ತದೆ. ಹಾಗೆ ಹೊಯ್ದದ್ದು ಮೂಲಕ್ಕಿಂತ 100ಕ್ಕೆ 1 ಚಿಕ್ಕದಾಗುತ್ತದೆ. 3 ಮೀಟರಿನ ಕಂಬದಲ್ಲಿ 30 ಮಿ.ಮೀ. ಕಡಿಮೆ. ಬೋಲ್ಟಿನ ತೂತು ತೂತಿಗೆ ಸೇರುವುದಿಲ್ಲ, ಹೂಬಳ್ಳಿ ಕಂಬದ ಹತ್ತಿರ ಬಂದು ನಿಂತುಬಿಡುತ್ತದೆ. ಹೊಸ ಪ್ಯಾಟರ್ನ್ ಕೆತ್ತಿಸುವುದು ದುಬಾರಿ ನಿಜ. ಬೇರೆ ದಾರಿ ಇಲ್ಲ.

ಎಂಟು ಮೂಲೆಯ ಲೆಕ್ಕ ಸುಲಭ. ಮುಖದಿಂದ ಮುಖಕ್ಕೆ 600 ಇದ್ದರೆ ಒಂದೊಂದು ಬದಿ 248.5 ಮಿ.ಮೀ. ಆದರೆ ಬದಿಗಳು ಸೇರುವಲ್ಲಿ 16 ಅಂಚುಗಳಿವೆ, ಪ್ರತಿಯೊಂದೂ 22.5 ಡಿಗ್ರಿ. ಒಂದೊಂದರಲ್ಲಿ ಅರ್ಧ ಡಿಗ್ರಿ ತಪ್ಪಿದರೂ ಒಟ್ಟು 8 ಡಿಗ್ರಿ ಬಾಯಿ ಬಿಡುತ್ತದೆ. ಎರಕದಲ್ಲಿ ಅರ್ಧ ಡಿಗ್ರಿ ಹಿಡಿಯುವುದು ಕಷ್ಟ. ಅದಕ್ಕೇ ಈ ಜಾತಿಯ ಕಟ್ಟಡಗಳಲ್ಲಿ ಫಲಕಕ್ಕೆ ಫಲಕ ನೇರ ಸೇರಿಸುವುದಿಲ್ಲ. ನಡುವೆ ಕಂಬ ಬರುತ್ತದೆ, ಫಲಕಗಳು ಕಂಬದಿಂದ ಹೊರಚಾಚಿದ ಕಿವಿಗಳಿಗೆ ಕೂರುತ್ತವೆ. ಅಲ್ಲಿ ಒಂದೆರಡು ಮಿ.ಮೀ. ಸಂದು ಬಿಟ್ಟಿರುತ್ತಾರೆ. ಆ ಸಂದು ಕಾಣದ ಹಾಗೆ ಕಂಬಕ್ಕೆ ಒಂದು ದುಂಡನೆಯ ಅಂಚು. ದೂರದಿಂದ ನೋಡಿದರೆ ಅದು ಅಂದದ ಅಂಚು, ಹತ್ತಿರದಿಂದ ನೋಡಿದರೆ ಜೋಡಣೆಯ ಮುಚ್ಚಳ.

ಪ್ಯಾಟರ್ನಿನ ಪ್ರತಿ ಮುಖಕ್ಕೂ ಒಂದೆರಡು ಡಿಗ್ರಿ ಇಳಿಜಾರು ಬೇಕು, ಇಲ್ಲದಿದ್ದರೆ ಮರಳು ಬಿಡುವುದಿಲ್ಲ. ಒಳ ಮೂಲೆಗಳನ್ನು ದುಂಡಗೆ ತುಂಬಬೇಕು. ಚೂಪು ಮೂಲೆಯಲ್ಲಿ ಬೀಡು ಬಿರುಕು ಬಿಡುತ್ತದೆ. ಆ ಕಾಲದ ಕಬ್ಬಿಣದ ಕೆತ್ತನೆಯಲ್ಲಿ ಕಾಣುವ ಮೆತ್ತಗಿನ, ತುಂಬಿದ ಮೈ ಬಂದದ್ದು ಇಲ್ಲಿಂದ. ಮರದಲ್ಲಿ ಕೆತ್ತುವವರು ಎಷ್ಟು ಚೂಪು ಬೇಕಾದರೂ ಹೋಗಬಹುದು, ಬೀಡಿಗೆ ಕೆತ್ತುವವರು ಹೋಗಬಾರದು.

ಒಂದು ಕಂಬದ ಪ್ಯಾಟರ್ನ್ ಮುಗಿದರೆ ಎಂಟು ಕಂಬವೂ ಮುಗಿದ ಹಾಗೆ. ಕೆತ್ತನೆಗೆ ಎಷ್ಟು ಹೊತ್ತು ಹಿಡಿದರೂ ಅದರ ಖರ್ಚು ಎಂಟಕ್ಕೆ, ಎಂಬತ್ತಕ್ಕೆ, ಎಂಟುನೂರಕ್ಕೆ ಹಂಚಿಹೋಗುತ್ತದೆ. 19ನೇ ಶತಮಾನದ ಫೌಂಡ್ರಿಗಳು ಕಂಬ, ಕಮಾನು, ಕಟಕಟೆಗಳ ಕ್ಯಾಟಲಾಗ್ ಅಚ್ಚು ಹಾಕಿಸಿ ಜಗತ್ತಿಗೆಲ್ಲ ಮಾರಿದ್ದು ಈ ಲೆಕ್ಕದ ಮೇಲೆ. ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸಾರಾಸೆನ್ ಫೌಂಡ್ರಿ ಅಂಥವುಗಳಲ್ಲಿ ದೊಡ್ಡದು. ನಮ್ಮ ಲಾಲ್‌ಬಾಗ್ ಗಾಜಿನ ಮನೆಯ ಕಬ್ಬಿಣ ಬಂದದ್ದೂ ಅಲ್ಲಿಂದಲೇ. 1889ರಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು. ಈಗ ಲಾಲ್‌ಬಾಗ್‌ಗೆ ಹೋದಾಗ ನಾನು ಮೊದಲು ನೋಡುವುದು ಹೂವನ್ನಲ್ಲ, ಕಂಬದ ತಲೆಯನ್ನು.

ಜಾಲರಿ

ಕಂಬದ ತಲೆಯಿಂದ ಕಮಾನಿನ ಕಡೆಗೆ ಹರಡುವ ಮೂಲೆ ಜಾಲರಿಯೇ ಇಡೀ ಮಂಟಪದ ಮುಖ. ನಾನು ಬರೆದುಕೊಂಡು ಹೋದ ನಕಾಶೆಯಲ್ಲಿ ಜಾಲರಿಯ ಎಳೆ 3 ಮಿ.ಮೀ. ದಪ್ಪ ಇತ್ತು. ಕಾಕಾ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ತಮ್ಮಾ, ಇಷ್ಟು ತೆಳ್ಳಗ ಮಾಡಿದ್ರ ಬೀಡು ತುದಿ ಮುಟ್ಟೂದಿಲ್ಲ. ಮುಟ್ಟಿದ್ರೂ ಬಿಳೀದಾಗತೈತಿ. ಬಿಳೀದಾತಂದ್ರ ಗಾಜು ಇದ್ದಂಗ, ಡ್ರಿಲ್ ಹಿಡಿಯೂದಿಲ್ಲ."

"ಎಷ್ಟು ಮಾಡೋಣ ಕಾಕಾ?"

"ಐದು ಇರಲಿ. ಮತ್ತ ಈ ಗಟ್ಟಿ ಗುಂಡು ನಡಕ ಯಾಕಿಟ್ಟಿ? ಅದು ಕಡೀಕ ಆರತೈತಿ, ಆರುವಾಗ ಎಳೀತೈತಿ. ಎಳೆ ಕಿತ್ತು ಹೋಗತಾವ."

ಕರಗಿದ ಬೀಡಿನಲ್ಲಿ 100ಕ್ಕೆ 3ರಿಂದ 4ರಷ್ಟು ಇಂಗಾಲ ಇರುತ್ತದೆ. ನಿಧಾನವಾಗಿ ಆರಿದರೆ ಆ ಇಂಗಾಲ ಗ್ರಾಫೈಟ್ ಪದರಗಳಾಗಿ ಬೇರ್ಪಡುತ್ತದೆ. ಮುರಿದರೆ ಒಳಗೆ ಬೂದು ಬಣ್ಣ. ಬೇಗ ಆರಿದರೆ ಬೇರ್ಪಡಲು ಸಮಯ ಸಿಗದೆ ಕಬ್ಬಿಣದ ಜೊತೆಯೇ ಬೆರೆತು ಗಡುಸಾಗುತ್ತದೆ. ಮುರಿದರೆ ಬಿಳಿ. ತೆಳು ಎಳೆಗಳ ಸಮಸ್ಯೆ ಇದು. ಸ್ವಲ್ಪ ಫೆರೋಸಿಲಿಕಾನ್ ಪುಡಿ ಹಾಕಿದರೆ ಬಿಳಿಯಾಗುವುದು ತಪ್ಪುತ್ತದೆ. ಆದರೂ ದಪ್ಪಕ್ಕೆ ಒಂದು ಮಿತಿ ಇದ್ದೇ ಇದೆ.

ಎರಡನೆಯದು ದಪ್ಪ ತೆಳುವಿನ ಜಗಳ. ತೆಳು ಎಳೆ ಮೊದಲು ಆರಿ ಗಟ್ಟಿಯಾಗುತ್ತದೆ. ಆಮೇಲೆ ದಪ್ಪ ಗುಂಡು ಕುಗ್ಗಲು ಶುರು ಮಾಡುತ್ತದೆ. ಎಳೆಗಳು ನೆಟ್ಟಗಿದ್ದರೆ ಬಗ್ಗಲು ಜಾಗವಿಲ್ಲ, ಒಡೆಯುತ್ತವೆ. ಎಳೆಗಳು ಬಳ್ಳಿಯಂತೆ ಬಳುಕಿದ್ದರೆ ಆ ಬಳುಕು ಸ್ವಲ್ಪ ಬಿಚ್ಚಿಕೊಂಡು ಕೊಡುತ್ತದೆ. ಹಳೆಯ ಗಿರಣಿಗಳ ಬೀಡಿನ ಪುಲ್ಲಿಗಳಲ್ಲಿ ಅರಗಳು ಡೊಂಕಾಗಿರುವುದು ಇದೇ ಕಾರಣಕ್ಕೆ. ಕಾಕಾ ಎರಡನ್ನೂ ಹೊಯ್ದು ತೋರಿಸಿದರು. ನೇರ ಎಳೆಯ ಜಾಲರಿಯನ್ನು ಮರಳಿನಿಂದ ಬಿಡಿಸುವಾಗಲೇ ಒಂದು ಎಳೆಯಲ್ಲಿ ಕೂದಲಿನಂಥ ಬಿರುಕು ಕಂಡಿತು. ಬಳ್ಳಿಯ ಜಾಲರಿ ಸುತ್ತಿಗೆಯಿಂದ ತಟ್ಟಿದರೆ ಗಂಟೆಯ ದನಿ ಕೊಟ್ಟಿತು. ಬಿರುಕು ಬಿಟ್ಟದ್ದರ ದನಿ ಒಡಕು. ಇಂದಿಗೂ ಹಳೆಯ ಬೀಡನ್ನು ಪರೀಕ್ಷಿಸುವಾಗ ಮೊದಲ ಸಾಧನ ಸಣ್ಣ ಸುತ್ತಿಗೆಯೇ.

ಹೀಗೆ ನಕಾಶೆ ಬದಲಾಯಿತು. ನಡುವಿನ ಗುಂಡನ್ನು ಹಿಂಬದಿಯಿಂದ ಟೊಳ್ಳು ಮಾಡಿದೆ. ಎಳೆಗಳು ಸೇರುವ ಕಡೆ ಒಂದೊಂದು ಎಲೆ ಇಟ್ಟೆ. ಎಲೆ ಇಟ್ಟರೆ ದಪ್ಪ ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ, ಬೀಡಿಗೆ ಹರಿಯಲು ದಾರಿಯೂ ಅಗಲವಾಗುತ್ತದೆ. ಮುಗಿದ ಮೇಲೆ ನೋಡಿದರೆ ನನ್ನ ಜಾಲರಿ ತಾನಾಗಿಯೇ ವಿಕ್ಟೋರಿಯಾ ಕಾಲದ ಜಾಲರಿಗಳ ಹತ್ತಿರ ಬಂದಿತ್ತು. ನನಗೆ ಬಹಳ ಖುಷಿಯಾದದ್ದು ಇಲ್ಲಿ.

ಟೊಳ್ಳು ಕಂಬ

ಕಂಬದ ಹೊರ ಅಳತೆ 30 ಮಿ.ಮೀ., ಒಳಗಿನ ಟೊಳ್ಳು 18. ಗೋಡೆ 6 ಮಿ.ಮೀ. ಟೊಳ್ಳಿಗಾಗಿ ಮರಳಿನ ಕೋರ್ ಬೇಕು, ಅಂದರೆ ಬೀಡು ತುಂಬದಂತೆ ಅಚ್ಚಿನ ನಡುವೆ ಕೂರಿಸುವ ದಿಂಡು. ಸೋಡಿಯಂ ಸಿಲಿಕೇಟ್ ಬೆರೆಸಿದ ಮರಳಿಗೆ ಇಂಗಾಲದ ಡೈಆಕ್ಸೈಡ್ ಊದಿ ಗಟ್ಟಿ ಮಾಡಿದ ಕೋರ್.

ಕಂಬವನ್ನು ಮಲಗಿಸಿ ಹೊಯ್ದರೆ ಒಂದು ತೊಂದರೆ. ಮರಳು ಹಗುರ, ಬೀಡು ಭಾರ. ಕೋರ್ ತೇಲಲು ನೋಡುತ್ತದೆ. ಲೆಕ್ಕ ಹಾಕಿದೆ: ಈ ಪುಟ್ಟ ಕೋರನ್ನೇ ಬೀಡು ಸುಮಾರು ಅರ್ಧ ಕೆ.ಜಿ. ಬಲದಿಂದ ಮೇಲೆ ಒತ್ತುತ್ತದೆ. ಎರಡು ತುದಿಯಲ್ಲಿ ಮಾತ್ರ ಹಿಡಿದ ಕೋರ್ ನಡುವೆ ಬಿಲ್ಲಿನಂತೆ ಮೇಲೇಳುತ್ತದೆ. ಆಗ ಕಂಬದ ಮೇಲ್ಬದಿ ತೆಳು, ಕೆಳಬದಿ ದಪ್ಪ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಅದಕ್ಕೆ ನಡುವೆ ಚಾಪ್ಲೆಟ್ ಎಂಬ ಸಣ್ಣ ಲೋಹದ ಆಧಾರ ಇಡುತ್ತಾರೆ, ಅದು ಬೀಡಿನೊಳಗೇ ಉಳಿದುಹೋಗುತ್ತದೆ. ಇಲ್ಲವೇ ಕಂಬವನ್ನು ನಿಲ್ಲಿಸಿ ಹೊಯ್ಯಬೇಕು.

1879ರ ಡಿಸೆಂಬರ್ 28ರ ರಾತ್ರಿ ಸ್ಕಾಟ್ಲೆಂಡಿನ ಟೇ ಸೇತುವೆ ರೈಲಿನ ಸಮೇತ ನದಿಗೆ ಬಿತ್ತು. ಅದರ ಎತ್ತರದ ಕಂಬಗಳೂ ಟೊಳ್ಳು ಬೀಡು, ನಡುವೆ ಎಳೆತದ ಪಟ್ಟಿಗಳು, ಅಂದರೆ ನಮ್ಮ ಕಡಲ ಕಟ್ಟೆಯದ್ದೇ ಮನೆತನ. ವಿಚಾರಣೆಯಲ್ಲಿ ಎರಕದ ದೋಷಗಳು ಒಂದೊಂದಾಗಿ ಹೊರಬಂದವು. ಕಂಬದ ಗೋಡೆಯ ದಪ್ಪ ಒಂದೇ ಸಮ ಇರಲಿಲ್ಲ. ಗಾಳಿಗುಳ್ಳೆಯ ತೂತುಗಳನ್ನು ಜೇನುಮೇಣ, ರಾಳ, ಕಬ್ಬಿಣದ ಪುಡಿ, ಕಾಡಿಗೆ ಬೆರೆಸಿದ ಮುದ್ದೆಯಿಂದ ಮುಚ್ಚಿದ್ದರು. ಪಟ್ಟಿಗಳನ್ನು ಹಿಡಿದಿದ್ದ ಕಂಬದ ಕಿವಿಗಳಲ್ಲಿ ಬೋಲ್ಟಿನ ತೂತುಗಳನ್ನು ಡ್ರಿಲ್ ಮಾಡದೆ ಎರಕದಲ್ಲೇ ಬಿಟ್ಟಿದ್ದರು. ಎರಕದ ತೂತಿಗೆ ಇಳಿಜಾರು ಇದ್ದೇ ಇರುತ್ತದೆ, ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಬೋಲ್ಟು ತೂತಿನ ಪೂರ್ತಿ ಮೈಗೆ ಕೂರದೆ ಅಂಚಿಗೆ ಮಾತ್ರ ತಾಗುತ್ತದೆ. ಗಾಳಿಯ ಎಳೆತವೆಲ್ಲ ಆ ಅಂಚಿನ ಮೇಲೆ. ಮೊದಲೇ ಬೀಡು ಎಳೆತಕ್ಕೆ ಆಗದ ಲೋಹ.

ಇದನ್ನು ಓದಿದ ಮೇಲೆ ನನ್ನ ಮಾದರಿಯಲ್ಲಿ ಒಂದೂ ಎರಕದ ತೂತು ಇರಬಾರದು ಅಂತ ನಿಶ್ಚಯ ಮಾಡಿದೆ. ಎಲ್ಲವನ್ನೂ ಡ್ರಿಲ್ ಪ್ರೆಸ್‌ನಲ್ಲಿ ಹಾಕಿದ್ದೇನೆ. ಗೋಡೆಯ ದಪ್ಪ ನೋಡಲು ಪ್ರತಿ ಕಂಬಕ್ಕೂ ಸುತ್ತ ಮೂರು ಕಡೆ 3 ಮಿ.ಮೀ. ತೂತು ಹಾಕಿ ಕೊಕ್ಕೆಯ ತಂತಿ ಇಳಿಸಿ ಅಳೆದೆ. ಆಮೇಲೆ ಅದೇ ತೂತಿನೊಳಗೆ ತಿರುಪಿನ ಗೆರೆ ಕೊರೆದು ಸ್ಕ್ರೂ ಕೂರಿಸಿದೆ. ಹಳೆಯ ಕಟ್ಟಡಗಳಲ್ಲೂ ಹೀಗೆ ಕಾಣದ ಜಾಗದಲ್ಲಿ ಸಣ್ಣ ತೂತು ಹಾಕಿ ದಪ್ಪ ನೋಡುವ ಪದ್ಧತಿ ಇದೆ. ಈಗ ಅಲ್ಟ್ರಾಸಾನಿಕ್ ಯಂತ್ರ ಬಂದಿದೆ, ಆದರೆ ಬೀಡಿನೊಳಗಿನ ಗ್ರಾಫೈಟ್ ಅದರ ಓದನ್ನು ಗಲಿಬಿಲಿ ಮಾಡುತ್ತದೆ. ತೂತು ಸುಳ್ಳು ಹೇಳುವುದಿಲ್ಲ.

ಹೊಯ್ಯುವ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಫೌಂಡ್ರಿಯವರ ಕೈಚಳಕ. ಪಂಪಿನ ಬಾಡಿಗಳಿಗೆಂದು ಕರಗಿಸಿದ ಎಫ್‌ಜಿ 200 ದರ್ಜೆಯ ಬೀಡಿನಲ್ಲೇ ನಮ್ಮ ಅಚ್ಚುಗಳಿಗೂ ಪಾಲು. ಬೀಡು ಸುಮಾರು 1350 ಡಿಗ್ರಿಯಲ್ಲಿ ಅಚ್ಚಿಗೆ ಇಳಿಯಿತು. ತೆಳು ಜಾಲರಿಗಳಿಗೆ ಮೊದಲು, ಕಂಬಗಳಿಗೆ ಆಮೇಲೆ, ಏಕೆಂದರೆ ಕರಗಿದ ಬೀಡು ಹೊತ್ತ ಲ್ಯಾಡಲ್‌ನಲ್ಲಿ ಬಿಸಿ ಇಳಿಯುತ್ತಾ ಹೋಗುತ್ತದೆ. ಮರುದಿನದವರೆಗೆ ಮರಳಲ್ಲೇ ಬಿಟ್ಟು ಆರಿಸಿದರು. ಒಂದೊಂದು ಕಂಬ ಸುಮಾರು 1.2 ಕೆ.ಜಿ. ತೂಗಿತು.

ಜೋಡಣೆ

ಇಡೀ ಕೆಲಸದಲ್ಲಿ ನನಗೆ ಹೆಚ್ಚು ಕಲಿಸಿದ್ದು ಇದು.

ಬೀಡಿನ ಕಟ್ಟಡವನ್ನು ಬೆಸುಗೆ ಹಾಕಿ ಕಟ್ಟುವುದಿಲ್ಲ. ಬಿಡಿ ಭಾಗಗಳನ್ನು ಬೋಲ್ಟಿನಿಂದ ಬಿಗಿಯುವುದು. ಅಂದರೆ ಬಿಚ್ಚಲೂ ಬರುತ್ತದೆ. ಫೌಂಡ್ರಿಯ ಅಂಗಳದಲ್ಲಿ ಒಮ್ಮೆ ಒಣ ಜೋಡಣೆ ಮಾಡಿ, ಪ್ರತಿ ಭಾಗಕ್ಕೂ ಗುರುತು ಹೊಡೆದು, ಬಿಚ್ಚಿ ಹಡಗಿಗೆ ಏರಿಸುತ್ತಿದ್ದರು. ನಾನೂ ಕಂಬಗಳ ತಲೆಯಲ್ಲಿ ಪಂಚ್‌ನಿಂದ ಚುಕ್ಕಿ ಹೊಡೆದಿದ್ದೇನೆ. ಒಂದನೇ ಕಂಬಕ್ಕೆ ಒಂದು ಚುಕ್ಕಿ, ಎಂಟನೆಯದಕ್ಕೆ ಎಂಟು. ಜಾಲರಿಗಳಿಗೂ ಅದೇ ಗುರುತು. ಒಂದೇ ಪ್ಯಾಟರ್ನಿನಿಂದ ಬಂದರೂ ಎಂಟೂ ಒಂದೇ ಅಲ್ಲ. ಒಂದಕ್ಕೆ ಕೂತ ಜಾಲರಿ ಇನ್ನೊಂದಕ್ಕೆ ಅರ್ಧ ಮಿ.ಮೀ. ಆಚೆ ನಿಲ್ಲುತ್ತದೆ. ಅದಕ್ಕೆ ಜಾಲರಿಯ ತೂತುಗಳನ್ನು ಉದ್ದುದ್ದಕ್ಕೆ ಮಾಡಿ, ಹಿಂದೆ ತೆಳು ತಗಡಿನ ಪ್ಯಾಕಿಂಗ್ ಕೊಡಬೇಕಾಯಿತು.

ಬೋಲ್ಟನ್ನು ಒಂದೇ ಸಲ ಬಿಗಿಯಬಾರದು. ಎಂಟೂ ಕಂಬ ನಿಲ್ಲಿಸಿ, ಮೇಲಿನ ಬಳೆ ಕೂರಿಸಿ, ಎಲ್ಲ ಬೋಲ್ಟುಗಳನ್ನೂ ಸಡಿಲವಾಗಿ ಇಟ್ಟು, ಎದುರು ಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಹೋಗಬೇಕು. ಅವಸರ ಮಾಡಿ ಒಂದು ಮೂಲೆಯನ್ನು ಎಳೆದು ಕೂರಿಸಿದರೆ ಆ ಎಳೆತ ಅಲ್ಲೇ ಉಳಿಯುತ್ತದೆ, ಬಿಸಿಲು ಚಳಿಗೆ ಒಂದು ದಿನ ಕಿವಿ ಮುರಿಯುತ್ತದೆ.

ಕಂಬ ಬುಡದ ತಟ್ಟೆಗೆ ಸೇರುವ ಸಂದು ತುಂಬಲು ಹಳೆಯ ವಿಧಾನವನ್ನೇ ಬಳಸಿದೆ. ಬೀಡಿನ ಪುಡಿ ನೂರು ಪಾಲು, ನವಸಾಗರ ಒಂದೆರಡು ಪಾಲು, ಚಿಟಿಕೆ ಗಂಧಕ, ನೀರು. ಕಲಾಯಿ ಹಾಕುವವರ ಹತ್ತಿರ ಸಿಗುವ ಅದೇ ನವಸಾಗರ. ಕಲಸಿ ಸಂದಿಗೆ ಉಳಿಯಿಂದ ಜಡಿದರೆ ಪುಡಿ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿ ಕಲ್ಲಿನಂತಾಗುತ್ತದೆ. ಕಲಸುವಾಗ ಮೂಗು ಕಟ್ಟುವ ವಾಸನೆ, ಬಯಲಲ್ಲಿ ಮಾಡಬೇಕು. ಬುಡದಲ್ಲಿ ಅಲುಗಾಟವಿಲ್ಲ, ಅಲ್ಲಿಗೆ ಇದು ಸರಿ. ಮೇಲಿನ ಬಳೆಯಲ್ಲಿ ಬಿಸಿಲಿಗೆ ಹಿಗ್ಗಾಟ ಇರುತ್ತದೆ. ಅಲ್ಲಿ ಗಟ್ಟಿ ಪದಾರ್ಥ ತುಂಬಿದರೆ ಬಿರುಕು ಖಂಡಿತ, ಅದಕ್ಕೆ ರಬ್ಬರಿನಂತೆ ಬಾಗುವ ಪಾಲಿಸಲ್ಫೈಡ್ ಸೀಲೆಂಟ್ ಹಾಕಿದೆ.

ಮಳೆ ನೀರು, ಉಪ್ಪು ನೀರು

ಮಂಟಪದ ಛಾವಣಿ ಈರುಳ್ಳಿಯ ಮೈಯಂತೆ ಬಳುಕಿ ತುದಿಯಲ್ಲಿ ಚೂಪಾಗುತ್ತದೆ. ಈ ಆಕಾರ ಬ್ರೈಟನ್‌ಗೆ ಬಂದದ್ದು ನಮ್ಮ ಕಡೆಯಿಂದ. ಅದೇ ಊರಿನಲ್ಲಿ ಜಾನ್ ನ್ಯಾಶ್ 1815ರಿಂದ 1822ರ ನಡುವೆ ರಾಜಕುಮಾರನಿಗಾಗಿ ರಾಯಲ್ ಪೆವಿಲಿಯನ್ ಅರಮನೆಯನ್ನು ಬದಲಾಯಿಸಿ ಕಟ್ಟಿದ. ಗುಮ್ಮಟ, ಮಿನಾರು, ಕಲ್ಲಿನ ಜಾಲಂಧ್ರ, ಎಲ್ಲ ಹಿಂದೂಸ್ತಾನದ ಮಾದರಿ. ಥಾಮಸ್ ಡೇನಿಯಲ್ ಮತ್ತು ಅವರ ಸೋದರನ ಮಗ ವಿಲಿಯಂ ಭಾರತ ಸುತ್ತಿ ಬರೆದು ತಂದ ಚಿತ್ರಗಳು ಆ ರುಚಿಗೆ ದಾರಿ ಮಾಡಿದ್ದವು. ಆ ದೊಡ್ಡ ಗುಮ್ಮಟದ ಒಳಗೂ ಬೀಡಿನ ಚೌಕಟ್ಟೇ ಇದೆ. ಬರ್ಚ್ ತನ್ನ ಕಟ್ಟೆಯ ಮಂಟಪಗಳಿಗೆ ಊರಿನ ಅರಮನೆಯ ಕಡೆ ನೋಡಿದ್ದು ಸಹಜ ಅಲ್ವಾ?

ನನ್ನ ಛಾವಣಿ ಅರ್ಧ ಮಿ.ಮೀ. ಜಿಂಕ್ ಹಾಕಿದ ತಗಡು, ಎಂಟು ಹೋಳು, ಒಳಗೆ ಎಂಟು ಬೀಡಿನ ಪಕ್ಕೆ. ಹೋಳುಗಳ ಸಂದಿನ ಮೇಲೆ ಒಂದೊಂದು ದುಂಡು ಪಟ್ಟಿ. ಸೂರಿನ ಸುತ್ತ ಬರುವ ಬಳೆಯನ್ನು ತೊಟ್ಟಿಯ ಆಕಾರದಲ್ಲಿ ಹೊಯ್ದಿದ್ದೇವೆ, ನೀರು ಅಲ್ಲಿ ಸೇರಿ ಕಂಬದ ಟೊಳ್ಳಿಗೆ ಇಳಿಯುತ್ತದೆ. ಆ ಕಾಲದ ಬೀಡಿನ ಕಟ್ಟಡಗಳಲ್ಲಿ ಕಂಬವೇ ಮಳೆ ಕೊಳವೆ ಆಗಿರುವುದು ಸಾಮಾನ್ಯ. ಜಾಣತನದ ಉಪಾಯ. ರಿಪೇರಿಯವರಿಗೆ ಅದೇ ತಲೆನೋವು. ಎಲೆ ಕಸ ಕಟ್ಟಿಕೊಂಡರೆ ಕಂಬದೊಳಗೆ ನೀರು ನಿಲ್ಲುತ್ತದೆ. ತುಕ್ಕು ಒಳಗಿನಿಂದ ತಿನ್ನುತ್ತದೆ, ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ. ಚಳಿ ದೇಶದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿ ಕಂಬವನ್ನು ಉದ್ದಕ್ಕೆ ಸೀಳುತ್ತದೆ. ನಾನು ಬುಡದಲ್ಲಿ ಒಂದು ಸಣ್ಣ ಬಾಗಿಲು ಇಟ್ಟಿದ್ದೇನೆ, ಸ್ಕ್ರೂ ಬಿಚ್ಚಿ ತಂತಿ ಹಾಕಿ ಸ್ವಚ್ಛ ಮಾಡಬಹುದು. ತಂಬಿಗೆಯಲ್ಲಿ ನೀರು ಹೊಯ್ದು ನೋಡಿದೆ, ಎಂಟೂ ಕಂಬದಿಂದ ಸಲೀಸಾಗಿ ಇಳಿಯಿತು.

ಕಡಲ ನೀರಿನ ಆಟವೇ ಬೇರೆ. ಉಪ್ಪು ನೀರಿನಲ್ಲಿ ವರ್ಷಗಟ್ಟಲೆ ಇದ್ದ ಬೀಡಿನಿಂದ ಕಬ್ಬಿಣ ಕರಗಿ ಹೋಗುತ್ತದೆ, ಗ್ರಾಫೈಟ್ ಮಾತ್ರ ಉಳಿಯುತ್ತದೆ. ಆಕಾರ ಹಾಗೇ ಇರುತ್ತದೆ. ಬಳ್ಳಿ ಬಳ್ಳಿಯಾಗಿಯೇ ಕಾಣುತ್ತದೆ. ಚಾಕು ಒತ್ತಿದರೆ ಪೆನ್ಸಿಲ್ ಸೀಸದಂತೆ ಕೆರೆದು ಬರುತ್ತದೆ. ಗುಜರಿಯಿಂದ ತಂದ ಒಂದು ಹಳೆಯ ಬೀಡಿನ ಪೈಪಿನ ತುಂಡಿನಲ್ಲಿ ಇದನ್ನು ಕಂಡೆ. ಹೊರ ಮೈಯಿಂದ 2 ಮಿ.ಮೀ. ಆಳದವರೆಗೆ ಬರೀ ಕಪ್ಪು ಪುಡಿ. ಕಣ್ಣಿಗೆ ಗಟ್ಟಿ, ಕೈಗೆ ಪೊಳ್ಳು. ಕಡಲ ಕಂಬಗಳನ್ನು ಪರೀಕ್ಷಿಸುವವರು ಬಣ್ಣವನ್ನೂ ಆಕಾರವನ್ನೂ ನಂಬದೆ ಕೆರೆದು ನೋಡುವುದು ಇದಕ್ಕೇ.

ಒಂದು ಹೊಲಿಗೆ

ಬಿರುಕು ಬಿಟ್ಟ ಆ ನೇರ ಎಳೆಯ ಜಾಲರಿಯನ್ನು ಬಿಸಾಡಲಿಲ್ಲ. ರಿಪೇರಿ ಕಲಿಯಲು ಇಟ್ಟುಕೊಂಡೆ. ಬೀಡಿಗೆ ಬೆಸುಗೆ ಹಾಕಬಹುದು, ನಿಕ್ಕಲ್ ರಾಡ್ ಬೇಕು, ಇಡೀ ತುಂಡನ್ನು ಮೊದಲೇ ಕಾಯಿಸಿ ಆಮೇಲೆ ಬೂದಿಯಲ್ಲಿ ಹುಗಿದು ನಿಧಾನವಾಗಿ ಆರಿಸಬೇಕು. ಕಟ್ಟಡದ ಮೇಲೆ ಕೂತಿರುವ ಜಾಲರಿಗೆ ಇದು ಹೇಗೆ ಸಾಧ್ಯ? ಒಂದು ಕಡೆ ಬಿಸಿ, ಇನ್ನೊಂದು ಕಡೆ ತಣ್ಣಗೆ ಆದರೆ ಹಳೆ ಬಿರುಕಿನ ಪಕ್ಕ ಹೊಸ ಬಿರುಕು.

ಅದಕ್ಕೆ ತಣ್ಣನೆಯ ಹೊಲಿಗೆ ಇದೆ. ಬಿರುಕಿಗೆ ಅಡ್ಡವಾಗಿ ಸಾಲಾಗಿ ತೂತು ಹಾಕಿ, ತೂತುಗಳನ್ನು ಒಂದಕ್ಕೊಂದು ಸೇರಿಸಿ, ಅದೇ ಆಕಾರದ ನಿಕ್ಕಲ್ ಮಿಶ್ರಲೋಹದ ಬೀಗವನ್ನು ಜಡಿಯುವುದು. ಆಮೇಲೆ ಬಿರುಕಿನ ಉದ್ದಕ್ಕೂ ಒಂದರ ಅಂಚನ್ನು ಇನ್ನೊಂದು ಕಚ್ಚುವಂತೆ ಸ್ಕ್ರೂಗಳನ್ನು ಕೂರಿಸಿ ತಲೆ ಸವರುವುದು. ಬೆಂಕಿ ಬೇಡ. ನನ್ನ ಎಳೆ 5 ಮಿ.ಮೀ. ಮಾತ್ರ, ಬೀಗ ಕೂರಿಸಲು ಜಾಗ ಬಹಳ ಕಡಿಮೆ. ಆದರೂ ಕೂತಿತು. ಈಗ ತಟ್ಟಿದರೆ ಪೂರ್ತಿ ಗಂಟೆಯ ದನಿ ಅಲ್ಲ, ಒಡಕೂ ಅಲ್ಲ. ಭಾರ ಹೊರದ ಜಾಲರಿಗೆ ಇಷ್ಟು ಸಾಕು. ಭಾರ ಹೊರುವ ಕಂಬವಾಗಿದ್ದರೆ ನಾನು ಹೊಸದನ್ನೇ ಹೊಯ್ಯಿಸುತ್ತಿದ್ದೆ.

ಫೈಬರ್‌ಗ್ಲಾಸ್‌ನಲ್ಲಿ ಮಾಡಿ ಬಣ್ಣ ಹೊಡೆದರೆ ಯಾರಿಗೆ ಗೊತ್ತಾಗುತ್ತದೆ ಅಂತ ಕೇಳುವವರಿದ್ದಾರೆ. ಬರೀ ಅಲಂಕಾರದ ತುಂಡಾದರೆ ಇರಲಿ. ಆದರೆ ಮಂಟಪದ ಜಾಲರಿ ಕಂಬವನ್ನು ಪಕ್ಕಕ್ಕೆ ವಾಲದಂತೆ ಹಿಡಿದಿರುತ್ತದೆ. ಸಡಿಲ ಬೋಲ್ಟುಗಳಲ್ಲಿ ಜಾಲರಿ ತೆಗೆದು ನನ್ನ ಮಾದರಿಯನ್ನು ಕೈಯಿಂದ ತಳ್ಳಿ ನೋಡಿ, ಅಲ್ಲಾಡುತ್ತದೆ. ಜಾಲರಿ ಬಿಗಿದು ತಳ್ಳಿ ನೋಡಿ, ಮೇಜೇ ಸರಿಯುತ್ತದೆ.

ಉಳಿದ ಕೆಲಸ

ಬಣ್ಣ ಅರ್ಧ ಆಗಿದೆ. ಹಿಂದೆ ಸೀಸದ ಕೆಂಪು ಬಳಿಯುತ್ತಿದ್ದರು, ಅದು ವಿಷ. ನಾನು ಜಿಂಕ್ ಫಾಸ್ಫೇಟ್ ಪ್ರೈಮರ್ ಹಾಕಿದ್ದೇನೆ. ಜೋಡಣೆಯಾದ ಮೇಲೆ ಕಾಣದ ಮುಖಗಳಿಗೆ ಮೊದಲು ಬಣ್ಣ, ಅದಕ್ಕಾಗಿ ಇಡೀ ಮಂಟಪವನ್ನು ಮತ್ತೆ ಬಿಚ್ಚಿದ್ದೇನೆ. ಫಲಕ ಮತ್ತು ಕಂಬದ ನಡುವಿನ ಸಂದಿನಲ್ಲೇ ನೀರು ನಿಲ್ಲುವುದು, ತುಕ್ಕು ಹುಟ್ಟುವುದು ಅಲ್ಲೇ. ಎರಕದ ಹೊರ ಪೊರೆಯನ್ನು ಮಾತ್ರ ಎಲ್ಲೂ ಉಜ್ಜಿ ತೆಗೆದಿಲ್ಲ. ಮರಳಿಗೆ ತಾಗಿ ಆರಿದ ಆ ಪೊರೆ ತುಕ್ಕಿಗೆ ಒಳ್ಳೆಯ ತಡೆ.

ದೊಡ್ಡ ಕೆಲಸ ಉಳಿದಿರುವುದು ದೀಪದ ಕಂಬದ್ದು. ವೆಸ್ಟ್ ಪಿಯರ್‌ನ ಗ್ಯಾಸ್ ದೀಪದ ಕಂಬಗಳಿಗೆ ಹಾವುಗಳು ಹೆಣೆದುಕೊಂಡಿದ್ದವು. ರಾಯಲ್ ಪೆವಿಲಿಯನ್‌ನ ಒಳ ಅಲಂಕಾರದಿಂದ ಬಂದ ಹಾವುಗಳು. ಚಿತ್ರ ನೋಡಿದ ಕಾಕಾ, "ಇದು ನಮ್ಮ ನಾಗರಕಲ್ಲಲ್ಲೇನೋ ತಮ್ಮಾ?" ಎಂದರು. ಆಮೇಲೆ ಬಹಳ ಹೊತ್ತು ಅದನ್ನು ಮರಳಿನಿಂದ ಹೇಗೆ ಬಿಡಿಸುವುದು ಎಂದು ಯೋಚಿಸುತ್ತಾ ಕೂತರು. ಕಂಬವನ್ನು ಸುತ್ತಿದ ಹಾವಿನ ಹೊಟ್ಟೆಯ ಕೆಳಗೆ ಮರಳು ಸಿಕ್ಕಿಕೊಳ್ಳುತ್ತದೆ. ಎರಡು ಪೆಟ್ಟಿಗೆಯ ಅಚ್ಚಿನಲ್ಲಿ ಇದು ಬರುವುದಿಲ್ಲ. ಸುರುಳಿಯ ಪ್ಯಾಟರ್ನನ್ನು ನಾಲ್ಕು ಬಿಡಿ ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಕೋರ್ ಮಾಡಿ ಜೋಡಿಸಬೇಕು. ತಲೆಗಳನ್ನು ಬೇರೆಯಾಗಿ ಹೊಯ್ದು ಸ್ಕ್ರೂನಿಂದ ಕೂರಿಸಬೇಕು, ಸ್ಕ್ರೂ ಕಾಣದಂತೆ ಹೆಡೆಯ ಹಿಂದೆ. ತಲೆಯ ಪ್ಯಾಟರ್ನ್ ಆಗಿದೆ. ಸುರುಳಿಯ ಎರಡು ತುಂಡು ಕೆತ್ತಿದ್ದೇನೆ, ಇನ್ನೆರಡು ಬಾಕಿ.